ಕಾಪು ದಾಟುವ ಮೊದಲೇ ಕಿವಿ ನೋವು: ಹೆಲ್ಮೆಟ್ ಒಳಗೆ ಯಾವ ಇಯರ್‌ಫೋನ್ ಸರಿ?

ಪ್ರಶ್ನೆ: ಉಡುಪಿಯಿಂದ ಮಂಗಳೂರಿಗೆ ದಿನಾ ಬೈಕಿನಲ್ಲಿ ಹೋಗಿಬರುತ್ತೇನೆ. ಫುಲ್‌ಫೇಸ್ ಹೆಲ್ಮೆಟ್. ಇಯರ್‌ಬಡ್ ಹಾಕಿದರೆ ಕಾಪು ದಾಟುವ ಮೊದಲೇ ಕಿವಿ ನೋಯುತ್ತದೆ. ವೇಗ ಏರಿದರೆ ಮ್ಯಾಪ್ ಹೇಳಿದ್ದೂ ಕೇಳಿಸದು. ದುಬಾರಿಯದ್ದು ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಈ ನೋವಿಗೂ ಬೆಲೆಗೂ ಸಂಬಂಧವಿಲ್ಲ. ಕಿವಿಯ ಗುಳಿಯಿಂದ ಹೊರಗೆ ಚಾಚಿದ ಬಡ್ಡನ್ನು ಹೆಲ್ಮೆಟ್ಟಿನ ಚೀಕ್ ಪ್ಯಾಡ್ (ಕೆನ್ನೆಗೆ ತಾಗುವ ಮೆತ್ತೆ) ಒಳಕ್ಕೆ ಒತ್ತುತ್ತಲೇ ಇರುತ್ತದೆ, ಅದಕ್ಕೇ ನೋವು. ಅಂಗಡಿಯಲ್ಲಿ ಹೀಗೆ ನೋಡಿ: ಬಡ್ ಹಾಕಿಕೊಂಡು ಅಂಗೈಯನ್ನು ಕಿವಿಯ ಮೇಲೆ ಚಪ್ಪಟೆಯಾಗಿ ಒತ್ತಿ. ಅಂಗೈಗೆ ಮೊದಲು ತಾಗಿದ್ದು ಕಿವಿಯ ಹಾಲೆಯಾದರೆ ಸರಿ, ಬಡ್ಡೇ ತಾಗಿದರೆ ಬಿಟ್ಟುಬಿಡಿ. ಕೆಳಗೆ ಕಡ್ಡಿ ಇಳಿಬಿಟ್ಟ ಮಾದರಿ ಈ ಕೆಲಸಕ್ಕೆ ಬೇಡ. ಹೆಲ್ಮೆಟ್ ಇಳಿಸುವಾಗ ಪ್ಯಾಡಿನ ಬಟ್ಟೆ ಆ ಕಡ್ಡಿಯನ್ನು ತಿರುಗಿಸಿ ಕಿವಿಯೊಳಗೆ ಕೂರುವ ಮೆತ್ತನೆ ಟಿಪ್ಪನ್ನು ಸಡಿಲಿಸುತ್ತದೆ. ಟಚ್ ಇದ್ದರೆ ಆ್ಯಪ್‌ನಲ್ಲಿ ಆಫ್ ಮಾಡಿ, ಇಲ್ಲವಾದರೆ ಪ್ಯಾಡ್ ತಾಗಿದಾಗೆಲ್ಲ ಹಾಡು ನಿಲ್ಲುತ್ತದೆ.

ಇನ್ನು ಸದ್ದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದೇ ಸುಮಾರು 90 ಡೆಸಿಬಲ್. 85 ಡೆಸಿಬಲ್ಲನ್ನು ಕಿವಿ ದಿನಕ್ಕೆ 8 ಗಂಟೆ ತಾಳಬಹುದು ಎನ್ನುವುದು ಲೆಕ್ಕ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. 91ಕ್ಕೆ ಎರಡೇ ಗಂಟೆ. ಹೋಗಿಬರುವಷ್ಟರಲ್ಲಿ ಗಾಳಿಯೇ ಹೆಚ್ಚುಕಡಿಮೆ ಅಷ್ಟನ್ನೂ ತಿಂದಿರುತ್ತದೆ. ಅದರ ಮೇಲೆ ವಾಲ್ಯೂಮ್ ಏರಿಸಿದರೆ ಕಿವಿಯ ಗತಿ ಯೋಚಿಸಿ. ಆದ್ದರಿಂದ ಗಾಳಿಯ ಸದ್ದನ್ನು ಹೊರಗೇ ತಡೆಯುವ ಟಿಪ್ ಬೇಕು. ಸಿಲಿಕಾನ್‌ಗಿಂತ ಫೋಮ್ ಟಿಪ್ ಇದಕ್ಕೆ ಮೇಲು. ಅದನ್ನು ಬೆರಳಲ್ಲಿ ಹಿಸುಕಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವವರೆಗೆ 30 ಸೆಕೆಂಡ್ ಒತ್ತಿ ಹಿಡಿಯಿರಿ. ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದು ಮಾಮೂಲು. ನಾಯ್ಸ್ ಕ್ಯಾನ್ಸಲೇಷನ್ (ಮೈಕ್‌ನಿಂದ ಹೊರಗಿನ ಸದ್ದನ್ನು ಗ್ರಹಿಸಿ ತಗ್ಗಿಸುವ ವ್ಯವಸ್ಥೆ) ಇದ್ದರೆ ಇರಲಿ, ಅದನ್ನೇ ನಂಬಬೇಡಿ. ಗಾಳಿಯ ಹೊಡೆತಕ್ಕೆ ಕೆಲವು ಬಡ್‌ಗಳ ಮೈಕ್ ತಬ್ಬಿಬ್ಬಾಗಿ ಧಪ್ ಧಪ್ ಎನ್ನುತ್ತದೆ. ವಾಲ್ಯೂಮನ್ನು ಬೈಕ್ ನಿಂತಿರುವಾಗಲೇ ಹೊಂದಿಸಿಕೊಳ್ಳಿ, ಹೈವೇಯಲ್ಲಿ ಏರಿಸಬೇಡಿ.

ಹೆಲ್ಮೆಟ್ ಹಾಕುವಾಗ ಎರಡೂ ಪಟ್ಟಿಗಳನ್ನು ಹೊರಕ್ಕೆ ಎಳೆದು ಹೆಲ್ಮೆಟ್ಟಿನ ಬಾಯಿ ಅಗಲಿಸಿ ನೇರ ಕೆಳಗಿಳಿಸಿ, ಆಚೀಚೆ ತಿರುಚಬೇಡಿ. ಒಳಗೆ ತೆಳು ಬಾಲಾಕ್ಲಾವಾ (ತಲೆ, ಕಿವಿ ಮುಚ್ಚುವ ಬಟ್ಟೆಯ ಮುಸುಕು) ಇದ್ದರೆ ಬಡ್ ಕದಲದೆ ಹೆಲ್ಮೆಟ್ ಜಾರಿ ಇಳಿಯುತ್ತದೆ. ಇಷ್ಟಾದರೂ ಒತ್ತಿದರೆ ತೆಳು ಚೀಕ್ ಪ್ಯಾಡ್ ಸಿಗುತ್ತದೆಯೇ ಕೇಳಿ. ಒಂದು ಮಾತ್ರ ದಯವಿಟ್ಟು ಮಾಡಬೇಡಿ: ಜಾಗ ಮಾಡಲೆಂದು ಒಳಗಿನ ಥರ್ಮೋಕೋಲ್ ಕೆತ್ತಬೇಡಿ. ಬಿದ್ದಾಗ ಏಟನ್ನು ನುಂಗುವುದು ಅದೇ.

ಊರೊಳಗೆ, ಕಲ್ಸಂಕದಲ್ಲೋ ಹಂಪನಕಟ್ಟೆಯಲ್ಲೋ, ಎಡಗಿವಿಗೊಂದೇ ಸಾಕು. ಹಿಂದಿನಿಂದ ನುಗ್ಗುವ ಬಸ್ಸು ಓವರ್‌ಟೇಕ್ ಮಾಡುವುದು ಬಲಗಡೆಯಿಂದ, ಆ ಕಿವಿ ಖಾಲಿ ಇರಲಿ. ಮ್ಯಾಪ್ ಬದಲಿಸಬೇಕಾದರೆ ಬದಿಗೆ ನಿಲ್ಲಿಸಿ. ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದು ಬಳಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ.

ನಮ್ಮ ಕರಾವಳಿಯ ಸೆಕೆಗೆ, ಮಳೆಗೆ ಐಪಿಎಕ್ಸ್5 (ನೀರು ತಡೆಯುವ ದರ್ಜೆ) ಇದ್ದರೆ ಒಳ್ಳೆಯದು. ಆದರೆ ಬಡ್ ಕೇಸಿನೊಳಗೂ ಹಾಳಾಗಬಹುದು. ಬೆವರಿನ ಉಪ್ಪು ಹಿಡಿದ ಬಡ್ಡನ್ನು ಹಾಗೇ ಒಳಗಿಟ್ಟರೆ ಚಾರ್ಜಿಂಗ್ ಪಿನ್ ಹಸಿರುಗಟ್ಟುತ್ತದೆ. ಇಳಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಗಾಳಿಗಿಟ್ಟು ಆಮೇಲೆ ಕೇಸಿಗೆ ಹಾಕಿ. ಕಿವಿಯೂ ಒಣಗಬೇಕು. ಒದ್ದೆ ಕಿವಿಯನ್ನು ಫೋಮ್‌ನಿಂದ ಮುಚ್ಚಿದರೆ ಫಂಗಸ್ ಹಿಡಿಯಬಹುದು. ತುರಿಕೆ ಶುರುವಾದರೆ ಬಡ್ ನಿಲ್ಲಿಸಿ ಕಿವಿ ಡಾಕ್ಟರಿಗೆ ತೋರಿಸಿ. ಬಡ್ಸ್‌ಕಡ್ಡಿ, ಕೊಬ್ಬರಿ ಎಣ್ಣೆ ಹಾಕಲು ಹೋಗಬೇಡಿ.