ಹಳೇ ಕೊಟ್ಟಿಗೆಯ ಕಂಬ ಬುಡದಲ್ಲೇ ಯಾಕೆ ಕೊಳೆಯುತ್ತದೆ?

ಮರ ವಯಸ್ಸಾಗಿ ಕೊಳೆಯುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್‌ನಲ್ಲಿ ಧಾನ್ಯ ತುಂಬಲು ಕಟ್ಟಿದ ಭಾರೀ ಕೊಟ್ಟಿಗೆಯೊಂದಿದೆ. ಕಟ್ಟಿದ್ದು 1426-27ರಲ್ಲಿ. ಅಂದರೆ ವಿಜಯನಗರವನ್ನು ಇಮ್ಮಡಿ ದೇವರಾಯ ಆಳುತ್ತಿದ್ದ ಕಾಲ! ಅದರ ಓಕ್ ಕಂಬಗಳು ಇವತ್ತಿಗೂ ಮಾಡು ಹೊತ್ತು ನಿಂತಿವೆ. ದುರಸ್ತಿಯಾದ ಮೇಲೆ 2015ರಲ್ಲಿ ಅದು ಮತ್ತೆ ಜನರಿಗೆ ತೆರೆಯಿತು.

ಅಲ್ಲಿ ಕಂಬಗಳು ನಿಂತಿರುವುದು ಮಣ್ಣಿನಲ್ಲಲ್ಲ, ಕಲ್ಲಿನ ಮೇಲೆ. ಗುಟ್ಟೆಲ್ಲ ಅಲ್ಲೇ ಇದೆ.

ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಹಿಂಡಿದ ಬಟ್ಟೆಯಲ್ಲಿ ತೇವ ಉಳಿಯುವ ಹಾಗೆ, ಮರದ ಜೀವಕೋಶಗಳ ಗೋಡೆ ತೂಕದ ಸುಮಾರು 28-30% ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಕೋಶದೊಳಗೆ ನೀರು ನಿಲ್ಲುತ್ತದೆ. ಆಗ ಶಿಲೀಂಧ್ರಕ್ಕೆ ಹಬ್ಬ. 20%ಗಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಬೇಲಿ ಗೂಟ ನೋಡಿ: ಆಳದಲ್ಲಿ ಗಾಳಿ ಕಡಿಮೆ, ಮೇಲೆ ಬಿಸಿಲಿಗೆ ಒಣಗುತ್ತದೆ. ಮುರಿಯುವುದು ನೆಲದ ಮಟ್ಟದಲ್ಲೇ, ಅಲ್ವಾ?

ಬಿಸಿಲು ಮಳೆಗೆ ಹಲಗೆ ಬೂದಿ ಬಣ್ಣಕ್ಕೆ ತಿರುಗಿದರೆ ಸುಮ್ನೆ ಹೆದರಬೇಡಿ. ಅದು ಮೇಲ್ಮೈ ಮಾತ್ರ. ದಬ್ಬಳದಿಂದ ಚುಚ್ಚಿ ಮೀಟಿ ನೋಡಿ. ಉದ್ದ ಸಿಬಿರು ಎದ್ದರೆ ಮರ ಗಟ್ಟಿ. ಚೂರು ಚೂರಾಗಿ ಪಟಕ್ಕನೆ ಮುರಿದರೆ ಕೊಳೆತಿದೆ. ಗೆದ್ದಲು ತಿಂದದ್ದು ಬೇರೆ ಕಥೆ.

ನನಗೆ ನಿಜಕ್ಕೂ ಸಂಕಟ ಆಗುವುದು ಕಂಬದ ಬುಡಕ್ಕೆ ಕಾಂಕ್ರೀಟ್ ಸುರಿಯುವುದನ್ನು ಕಂಡಾಗ. ಭದ್ರ ಆಯಿತು ಅಂದುಕೊಳ್ಳುತ್ತಾರೆ. ಒಣಗಿದ ಮರ ಕುಗ್ಗುತ್ತದೆ, ಸುತ್ತ ಸಂದಿ ಬೀಳುತ್ತದೆ, ಮಳೆನೀರು ಅದರಲ್ಲಿ ನಿಲ್ಲುತ್ತದೆ. ಹೊರಗೆ ಹೋಗಲು ದಾರಿಯೇ ಇಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೂ ಇದೇ ಪಾಡು. ಅಲ್ಲಿಗೆ ಸುಣ್ಣದ ಗಾರೆಯೇ ಸರಿ, ಅದರ ಮೂಲಕ ತೇವ ಆರುತ್ತದೆ.

ಮೊದಲು ಹಂಚು ಸರಿಮಾಡಿ, ಸೋರಿಕೆ ನಿಲ್ಲಿಸಿ. ಆಮೇಲೆ ಜಾಕ್ ಕೊಟ್ಟು ಮಾಡನ್ನು ಎತ್ತಿ ಹಿಡಿಯಿರಿ. ಕೊಳೆತ ಬುಡವನ್ನಷ್ಟೇ ಕತ್ತರಿಸಿ, ಚೆನ್ನಾಗಿ ಒಣಗಿದ ಅದೇ ಜಾತಿಯ ಮರವನ್ನು ಓರೆಯಾಗಿ ಕಚ್ಚು ಕೊಯ್ದು ಜೋಡಿಸಬೇಕು. ಕಚ್ಚಿನ ಓರೆ ನೀರು ಹೊರಕ್ಕೆ ಜಾರುವ ಹಾಗಿರಲಿ, ಬುಡದ ಕೆಳಗೆ ಕಲ್ಲಿರಲಿ. ಮೇಲಿನ ಹಳೇ ಕಂಬ ಗಟ್ಟಿಯಿದ್ದರೆ ಅದನ್ನು ಮುಟ್ಟಲೇಬೇಡಿ.