ಪರ್ಸೆಂಟ್ ಸರಿ, ಯಾವುದರ ಪರ್ಸೆಂಟ್?

ಸ್ಟಾಕ್ ಏಜೆನ್ಸಿ ಎಂದರೆ ಫೋಟೊಗಳನ್ನು ಸಂಗ್ರಹಿಸಿಟ್ಟು ಅವುಗಳ ಬಳಕೆಯ ಹಕ್ಕು ಮಾರುವ ಸಂಸ್ಥೆ. ಅಂಥವುಗಳಿಗೆ ಚಿತ್ರ ಕೊಡುವ ಫೋಟೊಗ್ರಾಫರ್‌ಗಳ ಕರಾರು, ರಾಯಲ್ಟಿ (ಪ್ರತಿ ಮಾರಾಟದಲ್ಲಿ ಅವರಿಗೆ ಬರುವ ಪಾಲು) ಸ್ಟೇಟ್‌ಮೆಂಟ್‌ಗಳನ್ನು ಓದಿ ಅರ್ಥ ಹೇಳುವುದು ನನ್ನ ಕೆಲಸ. ಹೊಸಬರಿರಲಿ ಹಳಬರಿರಲಿ, ಬಂದವರು ಕೂತ ತಕ್ಷಣ ಕೇಳುವುದು ಒಂದೇ: ‘ಯಾವ ಏಜೆನ್ಸಿ ಹೆಚ್ಚು ಪರ್ಸೆಂಟ್ ಕೊಡುತ್ತೆ?’ ಶೇ 15, ಶೇ 33, ಶೇ 50 ಎಂದು ಪಟ್ಟಿಯನ್ನೂ ಮಾಡಿಕೊಂಡು ಬಂದಿರುತ್ತಾರೆ. ಯಾವ ಮೊತ್ತದ ಶೇ 33 ಎಂದು ನಾನು ತಿರುಗಿ ಕೇಳಿದರೆ, ‘ಚಿತ್ರದ ಬೆಲೆಯದ್ದೇ, ಇನ್ಯಾವುದರದ್ದು?’ ಎಂದು ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

ಚಿತ್ರಕ್ಕೊಂದು ಬೆಲೆ ಇದ್ದ ಕಾಲ ಹೋಯಿತು ಎನ್ನುವುದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ.

ಹಿಂದೆ ರೈಟ್ಸ್ ಮ್ಯಾನೇಜ್ಡ್ ಪದ್ಧತಿಯಲ್ಲಿ ಚಿತ್ರ ಎಲ್ಲಿ ಅಚ್ಚಾಗುತ್ತದೆ, ಎಷ್ಟು ದೊಡ್ಡದಾಗಿ, ಎಷ್ಟು ದಿನ, ಯಾವ ದೇಶದಲ್ಲಿ ಎಂಬುದನ್ನೆಲ್ಲ ಕೇಳಿ ದರ ಹೇಳುತ್ತಿದ್ದರು. 2000ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಶುರುವಾದ ಐಸ್ಟಾಕ್‌ಫೋಟೊ ಚಿಲ್ಲರೆ ಕಾಸಿಗೆ ಚಿತ್ರ ಮಾರಲು ಹೊರಟಿತು. 2003ರಲ್ಲಿ ಜಾನ್ ಓರಿಂಜರ್ ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ಆರಂಭಿಸಿ, ತಿಂಗಳಿಗಿಷ್ಟು ಕೊಟ್ಟರೆ ಇಷ್ಟು ಚಿತ್ರ ಇಳಿಸಿಕೊಳ್ಳಿ ಎಂಬ ಸಬ್‌ಸ್ಕ್ರಿಪ್ಷನ್ ತಂದರು. 2006ರಲ್ಲಿ ದೊಡ್ಡ ಸ್ಟಾಕ್ ಏಜೆನ್ಸಿಯಾದ ಗೆಟ್ಟಿ ಇಮೇಜಸ್ 5 ಕೋಟಿ ಡಾಲರ್ ಕೊಟ್ಟು ಐಸ್ಟಾಕ್ ಕೊಂಡಿತು. 2019ರ ಕೊನೆಗೆ ತನ್ನ ಕ್ರಿಯೇಟಿವ್ ವಿಭಾಗದ (ಸುದ್ದಿಚಿತ್ರಗಳಲ್ಲದ) ರೈಟ್ಸ್ ಮ್ಯಾನೇಜ್ಡ್ ಚಿತ್ರಗಳನ್ನೇ ಕೈಬಿಡುವುದಾಗಿ ಗೆಟ್ಟಿ ಹೇಳಿತು. ಇಷ್ಟು ವರ್ಷಗಳಲ್ಲಿ ಆದದ್ದು ಏನೆಂದರೆ, ಬೆಲೆ ಚಿತ್ರವನ್ನು ಬಿಟ್ಟು ಗ್ರಾಹಕರ ಪ್ಲ್ಯಾನಿಗೆ ಅಂಟಿಕೊಂಡಿತು. ನಿಮ್ಮ ಚಿತ್ರಕ್ಕೆ ಎಷ್ಟು ಬರುತ್ತದೆ ಎನ್ನುವುದು ಅದನ್ನು ಇಳಿಸಿಕೊಂಡವರ ಕೈಯಲ್ಲಿ ಯಾವ ಪ್ಲ್ಯಾನ್ ಇತ್ತು ಎನ್ನುವುದರ ಮೇಲೆ ನಿಂತಿದೆ.

ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ಲೆಕ್ಕ ಹಾಕೋಣ. ಮೊತ್ತಗಳು ವಿವರಣೆಗೆ ಮಾತ್ರ. ಏಜೆನ್ಸಿಗಳು ದರ ಬದಲಿಸುತ್ತಲೇ ಇರುತ್ತವೆ.

ಒಬ್ಬ ಗ್ರಾಹಕರು 29 ಡಾಲರಿಗೆ 10 ಚಿತ್ರಗಳ ಪ್ಯಾಕ್ ಕೊಂಡಿದ್ದಾರೆ. ಒಂದು ಡೌನ್‌ಲೋಡ್‌ಗೆ 2 ಡಾಲರ್ 90 ಸೆಂಟ್ ಬಿತ್ತು. ನಿಮ್ಮ ಪಾಲು ಶೇ 15 ಎಂದರೆ ಸುಮಾರು 43 ಸೆಂಟ್. ಇನ್ನೊಬ್ಬರದ್ದು ತಿಂಗಳಿಗೆ 200 ಡಾಲರ್, 750 ಡೌನ್‌ಲೋಡ್‌ಗಳ ಪ್ಲ್ಯಾನ್. ಅಲ್ಲಿ ಒಂದಕ್ಕೆ 27 ಸೆಂಟೂ ಪೂರ್ತಿ ಇಲ್ಲ; ಅದರ ಶೇ 15 ಎಂದರೆ 4 ಸೆಂಟ್. ಚಿತ್ರ ಅದೇ, ದಿನ ಅದೇ, ಶೇಕಡಾವಾರು ಅದೇ. ಒಂದು ಕಡೆ 43, ಇನ್ನೊಂದು ಕಡೆ 4. ಹಾಗಾದರೆ ನಿಮ್ಮ ಪಾಲನ್ನು ಶೇ 40ಕ್ಕೆ ಏರಿಸಿದರು ಎಂದುಕೊಳ್ಳಿ. ದೊಡ್ಡ ಪ್ಲ್ಯಾನಿನ ಆ ಡೌನ್‌ಲೋಡ್‌ಗೆ ಆಗಲೂ ಸಿಗುವುದು ಹನ್ನೊಂದು ಸೆಂಟಿಗಿಂತ ಕಡಿಮೆ. ಸಣ್ಣ ಪ್ಯಾಕಿನ ಶೇ 15ರ ಕಾಲುಭಾಗ! ಪರ್ಸೆಂಟ್ ಪಟ್ಟಿ ಹಿಡಿದು ಏಜೆನ್ಸಿ ಆರಿಸಬೇಡಿ ಎಂದು ನಾನು ಬಡಕೊಳ್ಳುವುದು ಇದಕ್ಕೇ.

ಇದಕ್ಕಿಂತ ಮುಖ್ಯವಾದ, ಬಹುತೇಕರು ಕೇಳದೇ ಬಿಡುವ ಪ್ರಶ್ನೆ ಇನ್ನೊಂದಿದೆ: ಪ್ಲ್ಯಾನಿನ ಹಣವನ್ನು ಏಜೆನ್ಸಿ ಯಾವುದರಿಂದ ಭಾಗಿಸುತ್ತದೆ? ಕೊಟ್ಟ ಕೋಟಾದಿಂದಲೋ, ಗ್ರಾಹಕರು ನಿಜವಾಗಿ ಇಳಿಸಿಕೊಂಡ ಸಂಖ್ಯೆಯಿಂದಲೋ? ಮೇಲಿನ 200 ಡಾಲರಿನ ಗ್ರಾಹಕರನ್ನೇ ತೆಗೆದುಕೊಳ್ಳಿ. 750ರ ಕೋಟಾದಲ್ಲಿ ಆ ತಿಂಗಳು 150 ಮಾತ್ರ ಇಳಿಸಿಕೊಂಡರು. ಕೋಟಾದಿಂದ ಭಾಗಿಸಿದರೆ ಒಂದಕ್ಕೆ 4 ಸೆಂಟಿನಂತೆ ಫೋಟೊಗ್ರಾಫರ್‌ಗಳಿಗೆಲ್ಲ ಸೇರಿ ಹೋಗುವುದು 6 ಡಾಲರ್. ಕರಾರಿನಲ್ಲಿ ಕನಿಷ್ಠ 10 ಸೆಂಟ್ ಎಂಬ ಖಾತರಿ ಇದ್ದರೆ 15 ಡಾಲರ್. ಬಳಕೆಯಿಂದ ಭಾಗಿಸಿದರೆ ಒಂದಕ್ಕೆ 20 ಸೆಂಟ್, ಒಟ್ಟು 30 ಡಾಲರ್. ಮೂರರಲ್ಲೂ ‘ಶೇ 15 ರಾಯಲ್ಟಿ’ ಎಂದೇ ಬರೆದಿರುತ್ತದೆ, ಮೂರೂ ಸುಳ್ಳಲ್ಲ. ಬಳಸದೇ ಉಳಿದ ಡೌನ್‌ಲೋಡ್‌ಗಳ ಹಣ ಯಾರ ಜೇಬಿಗೆ ಎನ್ನುವುದಷ್ಟೇ ವ್ಯತ್ಯಾಸ.

ಹಳೆಯ ಫ್ಲಾಟ್ ದರದ ಕಾಲವನ್ನು ನೆನೆಸಿಕೊಂಡು ಅನೇಕರು ನಿಟ್ಟುಸಿರು ಬಿಡುತ್ತಾರೆ. ಆ ಲೆಕ್ಕ ಸ್ವಾರಸ್ಯದ್ದು. ಸಬ್‌ಸ್ಕ್ರಿಪ್ಷನ್ ಡೌನ್‌ಲೋಡ್‌ಗೆ ಶಟರ್‌ಸ್ಟಾಕ್ 25ರಿಂದ 38 ಸೆಂಟ್ ನಿಗದಿ ಮಾಡಿತ್ತು. 750ನ್ನೂ ಇಳಿಸಿಕೊಳ್ಳುವ ಗ್ರಾಹಕರಿದ್ದು, ಎಲ್ಲವೂ 38 ಸೆಂಟಿನವರ ಚಿತ್ರಗಳಾಗಿದ್ದರೆ ಫೋಟೊಗ್ರಾಫರ್‌ಗಳಿಗೇ 285 ಡಾಲರ್ ಕೊಡಬೇಕಿತ್ತು. ಬರುತ್ತಿದ್ದುದು 200ರ ಆಸುಪಾಸು. ಗ್ರಾಹಕರು ಪೂರ್ತಿ ಕೋಟಾ ಮುಗಿಸುವುದಿಲ್ಲ ಎಂಬ ನಂಬಿಕೆಯ ಮೇಲೇ ಆ ವ್ಯವಸ್ಥೆ ನಿಂತಿತ್ತು. ವಿಪರೀತ ಇಳಿಸಿಕೊಳ್ಳುವವರು ಬಂದರೆ ನಷ್ಟ ಏಜೆನ್ಸಿಯದ್ದು. 2020ರ ಜೂನ್‌ನಲ್ಲಿ ಶಟರ್‌ಸ್ಟಾಕ್ ಶೇಕಡಾವಾರಿಗೆ ಬದಲಾಯಿತು: ಆರು ಹಂತ, ಶೇ 15ರಿಂದ ಶೇ 40ರವರೆಗೆ, ಕನಿಷ್ಠ 10 ಸೆಂಟ್. ಗ್ರಾಹಕರಿಗೆ ಕೊಡುವ ಅಗ್ಗದ ದರದ ಹೊರೆಯಲ್ಲಿ ಒಂದು ಪಾಲು ಅಂದಿನಿಂದ ಫೋಟೊಗ್ರಾಫರ್‌ಗಳ ಹೆಗಲಿಗೆ ಬಂತು. ಸಿಟ್ಟಾಗಿ ತಮ್ಮ ಚಿತ್ರಗಳ ಮಾರಾಟವನ್ನೇ ನಿಲ್ಲಿಸಿದವರು ಆಗ ಬಹಳ ಮಂದಿ ಇದ್ದರು.

ಆ ಹಂತಗಳ ಇನ್ನೊಂದು ಗುಣ ಪ್ರತಿ ಜನವರಿ 1ಕ್ಕೆ ಎಲ್ಲರನ್ನೂ ಕೆಳಗಿನ ಮೆಟ್ಟಿಲಿಗೆ ಇಳಿಸುವುದು. ಮೊದಲ 100 ಡೌನ್‌ಲೋಡ್‌ವರೆಗೆ ಶೇ 15, 250ರವರೆಗೆ ಶೇ 20, ಹೀಗೆ ಮತ್ತೆ ಹತ್ತಬೇಕು; ಶೇ 40 ಕಾಣಲು ವರ್ಷದಲ್ಲಿ 25,000 ಡೌನ್‌ಲೋಡ್ ದಾಟಬೇಕು. ಆದ್ದರಿಂದ ಜನವರಿ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ‘ಸರ್, ನನ್ನ ಅಕೌಂಟ್ ಯಾರೋ ಹ್ಯಾಕ್ ಮಾಡಿದ್ದಾರೆ, ಅರ್ಧಕ್ಕರ್ಧ ಇಳಿದಿದೆ!’ ಯಾರೂ ಹ್ಯಾಕ್ ಮಾಡಿಲ್ಲಪ್ಪ, ಕ್ಯಾಲೆಂಡರ್ ಬದಲಾಗಿದೆ ಅಷ್ಟೆ. ಹಿಂದಿನ ವರ್ಷವೂ ಇದನ್ನೇ ಹೇಳಿದ್ದೆ ಎಂದರೆ ಆ ಕಡೆಯಿಂದ ನಗು. ಒಳ್ಳೆಯ ಜನ, ಚಿತ್ರ ತೆಗೆಯುವಾಗ ಬೆಳಕನ್ನು ಅಳೆಯುವಷ್ಟು ಜಾಗ್ರತೆಯಲ್ಲಿ ಸ್ಟೇಟ್‌ಮೆಂಟನ್ನು ನೋಡುವುದಿಲ್ಲ.

ಈಗ ರಿಯಾಯಿತಿಯ ಮಾತು. ಏಜೆನ್ಸಿ ಶೇ 20ರ ಕೂಪನ್ ಬಿಟ್ಟಾಗ ಅದು ತನ್ನ ಪಾಲಿನಿಂದ ಬಿಟ್ಟುಕೊಡುತ್ತದೆ ಎಂದು ನಂಬಿದವರಿದ್ದಾರೆ. ನಾನು ಓದಿರುವ ಕರಾರುಗಳಲ್ಲಿ ರಾಯಲ್ಟಿಯ ಲೆಕ್ಕ ಸಾಮಾನ್ಯವಾಗಿ ಕೈಗೆ ಬಂದ ಹಣದ ಮೇಲೆ, ಅಂದರೆ ರಿಯಾಯಿತಿ ಕಳೆದ ನಂತರದ ಮೊತ್ತದ ಮೇಲೆ. ನಿಮ್ಮದು ಬೇರೆ ಇರಬಹುದು, ಓದಿ ನೋಡಿ. ‘ಬೆಲೆ ಇಳಿದರೆ ಮಾರಾಟ ಹೆಚ್ಚುತ್ತೆ, ಹನಿಗೂಡಿದರೆ ಹಳ್ಳ’ ಎನ್ನುವುದು ಏಜೆನ್ಸಿಯ ಸಮಾಧಾನ. ಹಳ್ಳ ಆಗುವುದು ನಿಜ, ಆದರೆ ಏಜೆನ್ಸಿಯ ಅಂಗಳದಲ್ಲಿ. ಶೇ 20 ಇಳಿಕೆಯನ್ನು ತುಂಬಿಕೊಳ್ಳಲು ಶೇ 25ರಷ್ಟು ಹೆಚ್ಚು ಮಾರಾಟ ಬೇಕು. ಅರ್ಧ ಬೆಲೆಗೆ ಇಳಿಸಿದರೆ ಎರಡರಷ್ಟು. ಆ ಹೆಚ್ಚುವರಿ ಡೌನ್‌ಲೋಡ್‌ಗಳು ಕೋಟಿಗಟ್ಟಲೆ ಚಿತ್ರಗಳಲ್ಲಿ ಯಾವುದಕ್ಕೆ ಬಿದ್ದರೂ ಏಜೆನ್ಸಿಗೆ ಚಿಂತೆಯಿಲ್ಲ. ನಿಮಗೋ, ಇಳಿಕೆ ನಿಮ್ಮ ಪ್ರತಿ ಮಾರಾಟಕ್ಕೂ ಗ್ಯಾರಂಟಿ, ಏರಿಕೆ ಅದೃಷ್ಟವಿದ್ದರೆ.

ಮಧ್ಯವರ್ತಿಗಳ ಮೂಲಕ ಹೋದ ಮಾರಾಟವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 100 ಡಾಲರಿನ ಮಾರಾಟದಲ್ಲಿ ವಿತರಕರು 40 ಇಟ್ಟುಕೊಂಡರೆ ಏಜೆನ್ಸಿಗೆ 60. ನಿಮ್ಮ ‘ಶೇ 50’ ಆ 60ರದ್ದು, ಅಂದರೆ 30 ಡಾಲರ್. ಇಂಥ ಪಾಲುದಾರ ಮಾರಾಟದಿಂದ ಹೊರಗುಳಿಯುವ ಆಯ್ಕೆ ಕೆಲವು ಏಜೆನ್ಸಿಗಳಲ್ಲಿ ಇರುತ್ತದೆ, ಸೆಟ್ಟಿಂಗ್ಸ್‌ನ ಎಲ್ಲೋ ಒಂದು ಮೂಲೆಯಲ್ಲಿ. ಒಂದೇ ಮೊತ್ತಕ್ಕೆ ಬಹಳಷ್ಟು ಚಿತ್ರಗಳನ್ನು ಒಟ್ಟಿಗೆ ಕೊಟ್ಟುಬಿಡುವ ಇಡಿಗಂಟು ಒಪ್ಪಂದಗಳದ್ದು ಇನ್ನೊಂದು ಬಗೆ. ಗೆಟ್ಟಿ ಮತ್ತು ಗೂಗಲ್ ನಡುವಿನ ಒಪ್ಪಂದದಂತೆ ಐಸ್ಟಾಕ್‌ನವರ ಚಿತ್ರಗಳು ಗೂಗಲ್ ಡ್ರೈವ್ ಬಳಕೆದಾರರಿಗೆ ಲಭ್ಯವಾದದ್ದು ಗೊತ್ತಾದಾಗ, 2013ರ ಫೆಬ್ರುವರಿಯಲ್ಲಿ ಅನೇಕ ಫೋಟೊಗ್ರಾಫರ್‌ಗಳು ಪ್ರತಿಭಟಿಸಿ ಸಾವಿರಾರು ಚಿತ್ರ ಹಿಂತೆಗೆದುಕೊಂಡರು.

ಏಜೆನ್ಸಿಗಳನ್ನು ಖಳನಾಯಕರು ಮಾಡುವ ಉದ್ದೇಶ ನನಗಿಲ್ಲ. ಚಿತ್ರ ಪರಿಶೀಲನೆ, ಸರ್ವರ್, ಕಾನೂನು ತಂಟೆ, ಮಾರಾಟ ತಂಡ ಎಲ್ಲಕ್ಕೂ ಖರ್ಚಿದೆ. ಅವರು ತಲುಪುವ ಗ್ರಾಹಕರನ್ನು ಒಬ್ಬ ಫೋಟೊಗ್ರಾಫರ್ ತಾನಾಗಿ ತಲುಪಲಾರರು. ಅರ್ಧ ಪಾಲು ಕೊಡುವ ಸ್ಟಾಕ್ಸಿಯಂಥ ಸಹಕಾರಿ ಸಂಸ್ಥೆಯೂ 2013ರಲ್ಲಿ ಹುಟ್ಟಿದೆ, ಆದರೆ ಅಲ್ಲಿ ಆಯ್ಕೆಯಾಗುವುದು ಎಲ್ಲರಿಗೂ ಸಾಧ್ಯವಿಲ್ಲ.

ನನ್ನ ಬಳಿ ಬರುವ ಹಿರಿಯರೊಬ್ಬರು ಕಾರ್ಖಾನೆಗಳ ಒಳಗೆ ಚಿತ್ರ ತೆಗೆಯುತ್ತಾರೆ. ಒಮ್ಮೆ ಸ್ಟೇಟ್‌ಮೆಂಟ್ ಹಿಡಿದು ಬಂದು, ಒಂದೇ ವೆಲ್ಡಿಂಗ್ ಚಿತ್ರದ ಎರಡು ಸಾಲುಗಳ ಮೇಲೆ ಬೆರಳಿಟ್ಟರು. ಒಂದಕ್ಕೆ 10 ಸೆಂಟ್, ಕೆಳಗಿನದಕ್ಕೆ ಇಪ್ಪತ್ತು ಡಾಲರಿಗೂ ಹೆಚ್ಚು. ‘ಇದು ಮೋಸ ಅಲ್ವಾ?’ ಮೋಸವಲ್ಲ, ಮೊದಲನೆಯದು ಸಬ್‌ಸ್ಕ್ರಿಪ್ಷನ್, ಎರಡನೆಯದು ಎಕ್ಸ್‌ಟೆಂಡೆಡ್ ಲೈಸೆನ್ಸ್, ಅಂದರೆ ಹೆಚ್ಚು ಹಣ ಕೊಟ್ಟು ಕೊಳ್ಳುವ ವಿಸ್ತೃತ ಬಳಕೆಯ ಹಕ್ಕು. ಎಲ್ಲವನ್ನೂ ಅಳಿಸಿಬಿಡುತ್ತೇನೆ ಎಂದು ನಿಂತವರನ್ನು ಕೂರಿಸಿ, ಇಡೀ ವರ್ಷದ ಸಾಲುಗಳನ್ನು ಲೈಸೆನ್ಸ್ ಪ್ರಕಾರ ವಿಂಗಡಿಸಿದೆವು. ಸಾಲುಗಳಲ್ಲಿ ಬಹುಪಾಲು ಹತ್ತು ಸೆಂಟಿನವು, ಹಣದಲ್ಲಿ ಬಹುಪಾಲು ಬೆರಳೆಣಿಕೆಯ ದೊಡ್ಡ ಮಾರಾಟಗಳದ್ದು. ಆ ದೊಡ್ಡ ಮಾರಾಟಗಳೆಲ್ಲ ಯಾರಿಗೂ ಸುಲಭವಾಗಿ ತೆಗೆಯಲಾಗದ ಕಾರ್ಖಾನೆ ಚಿತ್ರಗಳು. ಸೂರ್ಯಾಸ್ತ, ಹಣ್ಣಿನ ಬುಟ್ಟಿಗಳನ್ನು ಇದ್ದಲ್ಲೇ ಬಿಟ್ಟು, ಹೊಸ ಕಾರ್ಖಾನೆ ಚಿತ್ರಗಳನ್ನು ಸಬ್‌ಸ್ಕ್ರಿಪ್ಷನ್ ಇಲ್ಲದ ಕಡೆ ಹಾಕಲು ಹೇಳಿದೆ. ಎಲ್ಲರಿಗೂ ಇದೇ ಮದ್ದು ಎನ್ನಲಾರೆ. ಐಸ್ಟಾಕ್‌ನಂಥ ಕಡೆ ಎಕ್ಸ್‌ಕ್ಲೂಸಿವ್ ಆಗಿ, ಅಂದರೆ ಅಲ್ಲಿಗೆ ಮಾತ್ರ ಚಿತ್ರ ಕೊಡುವುದಾಗಿ, ಸಹಿ ಹಾಕಿದವರಿಗೆ ಶೇ 15ರ ಬದಲು ಶೇ 25ರಿಂದ 45 ಸಿಗುತ್ತದೆ, ಆದರೆ ಅವರಿಗೆ ಹೀಗೆ ಹಂಚುವ ಸ್ವಾತಂತ್ರ್ಯವಿಲ್ಲ.

ಹಳೆಯ ವೆಲ್ಡಿಂಗ್ ಚಿತ್ರವನ್ನೂ ಆ ಏಜೆನ್ಸಿಯಿಂದ ತೆಗೆದು ಬೇರೆಡೆ ದುಬಾರಿ ಬೆಲೆಗೆ ಮಾರಬಹುದಲ್ಲ ಎಂದು ಆ ಹಿರಿಯರು ಕೇಳಿದರು. ತೆಗೆಯಬಹುದು. ಆದರೆ ರಾಯಲ್ಟಿ ಫ್ರೀ ಲೈಸೆನ್ಸಿನಲ್ಲಿ (ಒಮ್ಮೆ ಹಣ ಕೊಟ್ಟರೆ ಮತ್ತೆ ಮತ್ತೆ ಬಳಸಬಹುದಾದದ್ದು) ಇಳಿಸಿಕೊಂಡವರ ಹಕ್ಕು ನೀವು ಚಿತ್ರವನ್ನು ಏಜೆನ್ಸಿಯಿಂದ ಹಿಂತೆಗೆದುಕೊಂಡ ಮೇಲೂ ಸಾಮಾನ್ಯವಾಗಿ ಊರ್ಜಿತವಾಗಿಯೇ ಇರುತ್ತದೆ. ನಾಳೆ ದೊಡ್ಡ ಕಂಪನಿಯೊಂದು ‘ಈ ಚಿತ್ರ ನಮಗೆ ಮಾತ್ರ ಬೇಕು, ಬೇರೆ ಯಾರೂ ಬಳಸಿರಬಾರದು’ ಎಂದು ಬಂದರೆ, ಹತ್ತು ಸೆಂಟಿಗೆ ಹೋದ ಒಂದೇ ಒಂದು ಡೌನ್‌ಲೋಡ್ ಸಾಕು, ಆ ಭರವಸೆಗೆ ನೀವು ಸಹಿ ಹಾಕುವಂತಿಲ್ಲ.