ಮೂರು ಗಂಟೆಗೂ ಸಿಗುವ ಕೋಣೆ: ಮನಿಲಾದ ಅಗ್ಗದ ಹೋಟೆಲಿನಲ್ಲಿ ಕುಟುಂಬದೊಡನೆ ಉಳಿಯಬಹುದೇ?

ಪ್ರಶ್ನೆ: ಹೆಂಡತಿ ಮತ್ತು ವಯಸ್ಸಾದ ತಾಯಿಯನ್ನು ಕರೆದುಕೊಂಡು ಫಿಲಿಪ್ಪೀನ್ಸ್‌ಗೆ ಹೋಗಬೇಕೆಂದಿದ್ದೇನೆ. ಮೊದಲ ಮೂರು ರಾತ್ರಿ ಮನಿಲಾದಲ್ಲಿ. ಕಡಿಮೆ ಬಾಡಿಗೆಯ ಹೋಟೆಲ್ ಹುಡುಕುವಾಗ ಹಲವು ಕಡೆ ‘3 ಗಂಟೆ, 12 ಗಂಟೆ, 24 ಗಂಟೆ’ ಎಂದು ಬೇರೆ ಬೇರೆ ದರ ಹಾಕಿರುವುದನ್ನು ಕಂಡೆ. ಇದರ ಅರ್ಥವೇನು? ಇಂಥ ಕಡೆ ಮನೆಯವರೊಂದಿಗೆ ಉಳಿಯುವುದು ಸರಿಯೇ? ಯಾವ ಭಾಗದಲ್ಲಿ ಕೋಣೆ ಹಿಡಿಯಬೇಕು?

ಉತ್ತರ: ಉಳಿಯಬಹುದು. ಗಂಟೆಯ ದರ ಹಾಕಿದ್ದಾರೆ ಎಂಬ ಒಂದೇ ಕಾರಣಕ್ಕೆ ಹೋಟೆಲೊಂದನ್ನು ತಳ್ಳಿಹಾಕಬೇಡಿ. ಹಾಗೆಯೇ ಗಂಟೆಯ ದರ ಇಲ್ಲವೆಂಬ ಕಾರಣಕ್ಕೆ ಮತ್ತೊಂದನ್ನು ನಂಬಲೂ ಬೇಡಿ. ನಿಮ್ಮ ತಾಯಿಯ ನಿದ್ದೆ, ಕ್ಷೇಮ ಎರಡೂ ನಿಂತಿರುವುದು ಕೋಣೆಗೆ ಕಿಟಕಿ ಇದೆಯೇ, ತುರ್ತು ಬಾಗಿಲು ತೆರೆಯುತ್ತದೆಯೇ, ರೈಲು ನಿಲ್ದಾಣ ಎಷ್ಟು ದೂರ ಎಂಬುದರ ಮೇಲೆ. ಇವು ಯಾವ ದರಪಟ್ಟಿಯಲ್ಲೂ ಇರುವುದಿಲ್ಲ.

ಮೊದಲು ಗಂಟೆಯ ಲೆಕ್ಕ. ಬೆಂಗಳೂರಿನ ಮೆಜೆಸ್ಟಿಕ್, ಗಾಂಧಿನಗರದ ಲಾಡ್ಜ್‌ಗಳ ಮುಂದೆ ‘24 ಗಂಟೆ ಚೆಕ್‌ಔಟ್’ ಎಂಬ ಫಲಕ ನೋಡಿರುತ್ತೀರಿ. ನೀವು ಬೆಳಿಗ್ಗೆ ಆರಕ್ಕೆ ಕೋಣೆ ಹಿಡಿದರೆ ಮರುದಿನ ಆರರವರೆಗೆ ಅದು ನಿಮ್ಮದು. ಮನಿಲಾದವರು ಇದೇ ಲೆಕ್ಕವನ್ನು ಹನ್ನೆರಡು ಗಂಟೆಗೆ, ಮೂರು ಗಂಟೆಗೆ ಇಳಿಸಿದ್ದಾರೆ. ಹಣ ಕಟ್ಟಿದ ಕ್ಷಣದಿಂದ ಸಮಯ ಓಡಲು ಶುರುವಾಗುತ್ತದೆ, ಅವಧಿ ಮೀರಿದರೆ ಗಂಟೆಗಿಷ್ಟು ಎಂದು ಹೆಚ್ಚುವರಿ ಬೀಳುತ್ತದೆ. ಸಾಮಾನ್ಯ ಹೋಟೆಲುಗಳ ಪದ್ಧತಿ ಬೇರೆ: ಮಧ್ಯಾಹ್ನ ಎರಡರ ನಂತರ ಪ್ರವೇಶ, ಮರುದಿನ ಹನ್ನೆರಡಕ್ಕೆ ಖಾಲಿ ಮಾಡಬೇಕು. ಬೆಳಗಿನ ಜಾವ ವಿಮಾನ ಇಳಿದು ಮಧ್ಯಾಹ್ನದವರೆಗೆ ಕಾಯಬೇಕಾದವರಿಗೂ, ಸಂಜೆಯ ವಿಮಾನಕ್ಕೆ ಮೊದಲು ವಯಸ್ಸಾದವರಿಗೆ ಸ್ನಾನ, ವಿಶ್ರಾಂತಿ ಬೇಕಾದಾಗಲೂ ಗಂಟೆಯ ಕೋಣೆ ನಿಜವಾಗಿ ಉಪಕಾರಿ.

ಈ ಕೋಣೆಗಳನ್ನು ಪ್ರೇಮಿಗಳು ಬಳಸುತ್ತಾರೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಿಕ್ಕಿರಿದ ಮನೆಗಳಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರೊಡನೆ ಬಾಳುವ ದಂಪತಿಗಳೂ ಬಳಸುತ್ತಾರೆ. ಇದನ್ನು ನಿಲ್ಲಿಸಲು ಮನಿಲಾ ನಗರಾಡಳಿತ ಗಟ್ಟಿಯಾಗಿಯೇ ಪ್ರಯತ್ನಿಸಿತ್ತು. 1992ರ ಡಿಸೆಂಬರ್‌ನಲ್ಲಿ ಮೇಯರ್ ಆಲ್ಫ್ರೆಡೊ ಲಿಮ್ ಸಹಿ ಹಾಕಿದ ಸ್ಥಳೀಯ ಶಾಸನವೊಂದು ಹನ್ನೆರಡು ಗಂಟೆಗಿಂತ ಕಡಿಮೆ ಅವಧಿಗೆ ಕೋಣೆ ಕೊಡುವುದನ್ನು ನಿಷೇಧಿಸಿತು. ಹೋಟೆಲು ಮಾಲೀಕರು ನ್ಯಾಯಾಲಯಕ್ಕೆ ಹೋದರು. ಕೆಳ ನ್ಯಾಯಾಲಯ ನಿಷೇಧವನ್ನು ರದ್ದುಮಾಡಿತು, ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು, ಕೊನೆಗೆ 2009ರ ಜನವರಿ 20ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ಹೊಡೆದುಹಾಕಿತು. ಆ ತೀರ್ಪಿನ ಒಂದು ಭಾಗ ನನಗೆ ಬಹಳ ಮಾನವೀಯವಾಗಿ ಕಾಣುತ್ತದೆ. ಮನೆಯಲ್ಲಿ ವಿದ್ಯುತ್ ಹೋದಾಗ ಇಡೀ ಕುಟುಂಬವೇ ಕೆಲವು ಗಂಟೆ ಹೋಟೆಲಿಗೆ ಬರುವುದುಂಟು, ಎರಡು ಪ್ರಯಾಣಗಳ ನಡುವೆ ಮೈತೊಳೆದು ಒರಗಬೇಕಾದ ಪ್ರಯಾಣಿಕರು ಇರುತ್ತಾರೆ, ಇವರ ಅಗತ್ಯವೂ ನ್ಯಾಯಯುತವೇ ಎಂದು ನ್ಯಾಯಾಲಯ ಗುರುತಿಸಿತು. ಹೀಗಾಗಿ ಇಂದು ನೀವು ನೋಡುವ ದರಪಟ್ಟಿ ಕದ್ದುಮುಚ್ಚಿ ನಡೆಯುವ ವ್ಯವಹಾರದ್ದಲ್ಲ. ಸರ್ವೋಚ್ಚ ನ್ಯಾಯಾಲಯದ ತೀರ್ಪು ಅದರ ಬೆನ್ನಿಗಿದೆ.

ಆದರೂ ಒಂದು ವ್ಯತ್ಯಾಸ ತಿಳಿದಿರಲಿ. ಕಾರು ಒಳಗೆ ಹೋದ ಕೂಡಲೇ ಷಟರ್ ಇಳಿದು, ಗ್ಯಾರೇಜಿನಿಂದಲೇ ಮೆಟ್ಟಿಲು ಹತ್ತಿ ಕೋಣೆ ಸೇರುವ ‘ಮೋಟೆಲ್’ಗಳು ಒಂದು ಬಗೆ. ಅವನ್ನು ಕಟ್ಟಿರುವುದೇ ಏಕಾಂತಕ್ಕಾಗಿ, ನಡೆದು ಬರುವ ಕುಟುಂಬಕ್ಕೆ ಅಲ್ಲಿ ಯಾವ ಅನುಕೂಲವೂ ಇಲ್ಲ. ರಸ್ತೆಗೆ ತೆರೆದ ಮುಂಬಾಗಿಲು, ಸ್ವಾಗತದ ಮೇಜು, ಲಿಫ್ಟ್ ಇರುವ, ಗಂಟೆಗೂ ದಿನಕ್ಕೂ ಕೊಡುವ ನಗರದ ಹೋಟೆಲುಗಳು ಇನ್ನೊಂದು ಬಗೆ; ಇವುಗಳಲ್ಲಿ ಒಂದು ರಾತ್ರಿ ಕಳೆಯುವುದರಲ್ಲಿ ಭಯಪಡುವಂಥದ್ದೇನಿಲ್ಲ, ಆದರೆ ರಾತ್ರಿಯಿಡೀ ಜನ ಬಂದು ಹೋಗುತ್ತಿರುವುದರಿಂದ ಕಾರಿಡಾರಿನಲ್ಲಿ ಸದ್ದು ಇದ್ದೇ ಇರುತ್ತದೆ. ಮೂರನೆಯದು ದಿನದ ಬಾಡಿಗೆಗಷ್ಟೇ ಕೊಡುವ ಬಜೆಟ್ ಸರಣಿಗಳು: ಅಲ್ಲಿಯದೇ ಆದ ಗೋ ಹೋಟೆಲ್ಸ್, ಥಾಯ್ಲೆಂಡ್ ಮೂಲದ ಹಾಪ್ ಇನ್ ಮುಂತಾದವು. ಕೋಣೆ ಚಿಕ್ಕದು, ಸ್ವಚ್ಛ, ಬೇರೆ ಸೌಕರ್ಯ ಹೆಚ್ಚಿಲ್ಲ. ಇವಲ್ಲದೆ ‘ಪೆನ್ಶನ್ ಹೌಸ್’ ಎಂಬ, ಕುಟುಂಬಗಳೇ ನಡೆಸುವ ವಸತಿಗಳು, ಅಡುಗೆ ಮಾಡಿಕೊಳ್ಳಬಹುದಾದ ‘ಅಪಾರ್ಟೆಲ್’ಗಳು ಇವೆ. ಮೂವರು ಮೂರು ರಾತ್ರಿ ಉಳಿಯುವುದಾದರೆ ಮೂರನೆಯ ಬಗೆಯನ್ನೋ ಅಪಾರ್ಟೆಲನ್ನೋ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅಗ್ಗದ ಕೋಣೆಗಳು ಬಹುತೇಕ ಇಬ್ಬರಿಗೆ ಎಂದೇ ಇರುತ್ತವೆ, ಮೂರನೆಯವರಿಗೆ ಹೆಚ್ಚುವರಿ ಶುಲ್ಕ ಕೇಳುತ್ತಾರೆ. ಕಾಯ್ದಿರಿಸುವಾಗಲೇ ಮೂವರೆಂದು ತಿಳಿಸಿಬಿಟ್ಟರೆ ರಾತ್ರಿ ಹೊತ್ತು ವಾಗ್ವಾದ ತಪ್ಪುತ್ತದೆ.

ದಿನದ ಬಾಡಿಗೆಯ ಹೋಟೆಲೇ ವಾಸಿ ಎನ್ನಲು ಮತ್ತೊಂದು ಕಾರಣವಿದೆ. 2025ರ ಜೂನ್ 8ರಿಂದ ಭಾರತೀಯ ಪ್ರವಾಸಿಗರಿಗೆ 14 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ಸಿಗುತ್ತಿದೆ. ಇದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಹಿಂದಿರುಗುವ ಅಥವಾ ಮುಂದಿನ ದೇಶಕ್ಕೆ ಹೋಗುವ ಟಿಕೆಟ್, ಖರ್ಚಿಗೆ ಹಣವಿದೆ ಎಂಬ ಪುರಾವೆ, ಜೊತೆಗೆ ಖಚಿತಗೊಂಡ ಹೋಟೆಲ್ ಕಾಯ್ದಿರಿಸುವಿಕೆ ಬೇಕು. ಈ ಅವಧಿಯನ್ನು ಅಲ್ಲಿ ಹೋದ ಮೇಲೆ ವಿಸ್ತರಿಸಲಾಗದು. ನೇರವಾಗಿ ಹೋಗಿ ಕೋಣೆ ಹಿಡಿಯುವ ಜಾಗವನ್ನು ನಂಬಿ ವಿಮಾನ ಹತ್ತಿದರೆ ತೋರಿಸಲು ಕಾಗದವಿರುವುದಿಲ್ಲ. ಹೋಟೆಲಿನ ದೃಢೀಕರಣ ಪತ್ರದಲ್ಲಿ ಮೂವರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ, ಅಚ್ಚುಮಾಡಿದ ಪ್ರತಿ ಕೈಯಲ್ಲಿರಲಿ. ಇ-ಟ್ರಾವೆಲ್ ಎಂಬ ಸರ್ಕಾರಿ ನೋಂದಣಿಯನ್ನು ತಲುಪುವುದಕ್ಕೆ ಹಿಂದಿನ 72 ಗಂಟೆಗಳೊಳಗೆ ಮಾಡಬೇಕು. ಅದು ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.

ಈಗ ಕಿಟಕಿಯ ಮಾತು. ನಿಮ್ಮ ಪತ್ರದಲ್ಲಿ ಇದರ ಸುಳಿವೇ ಇಲ್ಲದ್ದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ. ಮನಿಲಾದ ಅಗ್ಗದ ಹೋಟೆಲುಗಳಲ್ಲಿ ಅತಿ ಕಡಿಮೆ ದರದ ಕೋಣೆಗೆ ಎಷ್ಟೋ ಸಲ ಕಿಟಕಿಯೇ ಇರುವುದಿಲ್ಲ. ಚಿತ್ರದಲ್ಲಿ ಪರದೆ ಕಂಡರೂ ಅದರ ಹಿಂದೆ ಗೋಡೆ ಇರಬಹುದು. 2001ರ ಆಗಸ್ಟ್ 18ರಂದು ಮನಿಲಾ ಮಹಾನಗರಕ್ಕೇ ಸೇರಿದ ಕ್ವೆಜಾನ್ ಸಿಟಿಯ ಮೇನರ್ ಹೋಟೆಲಿನಲ್ಲಿ ಬೆಂಕಿ ಬಿದ್ದಾಗ 70ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಧಾರ್ಮಿಕ ಸಮಾವೇಶವೊಂದಕ್ಕೆಂದು ಊರುಗಳಿಂದ ಬಂದು ಅಗ್ಗದ ಕೋಣೆಗಳಲ್ಲಿ ಇಳಿದುಕೊಂಡಿದ್ದವರು. ಕಿಟಕಿಗಳಿಗೆ ಕಬ್ಬಿಣದ ಸರಳು ಇದ್ದುದರಿಂದ ಹೊರಗೆ ಬರಲಾಗದೆ ಹೊಗೆಯಲ್ಲಿ ಉಸಿರುಗಟ್ಟಿದರು. 2008ರಲ್ಲಿ ಆ ದೇಶ ಹೊಸ ಅಗ್ನಿ ಸುರಕ್ಷತಾ ಕಾಯ್ದೆ ತಂದಿತು, ತಪಾಸಣೆಯ ಪ್ರಮಾಣಪತ್ರವಿಲ್ಲದೆ ಹೋಟೆಲು ನಡೆಸುವಂತಿಲ್ಲ. ಆದರೆ ಕಾನೂನು ಎಲ್ಲ ಮೆಟ್ಟಿಲುಗಳನ್ನೂ ಕಾಯಲಾರದು. ಹಣ ಕಟ್ಟುವ ಮುನ್ನ ಕೋಣೆ ತೋರಿಸಿ ಎಂದು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕಿಟಕಿ ತೆರೆಯುತ್ತದೆಯೇ, ಸರಳಿದ್ದರೆ ಒಳಗಿನಿಂದ ಬಿಚ್ಚಬಹುದೇ ನೋಡಿ. ತುರ್ತು ನಿರ್ಗಮನದ ಬಾಗಿಲಿಗೆ ಬೀಗವೋ ಸರಪಳಿಯೋ ಹಾಕಿದ್ದರೆ, ಆ ಮೆಟ್ಟಿಲ ಮೇಲೆ ಹಾಸಿಗೆ, ಪೆಟ್ಟಿಗೆಗಳನ್ನು ತುಂಬಿಟ್ಟಿದ್ದರೆ ಬೇರೆ ಹೋಟೆಲು ನೋಡಿ. ಮುಂಗಡ ಹೋದರೂ ಹೋಗಲಿ. ತಾಯಿಯವರಿಗೆ ಎರಡನೆಯ ಅಥವಾ ಮೂರನೆಯ ಮಹಡಿ ಕೇಳಿ.

ಯಾವ ಭಾಗ ಎಂಬುದಕ್ಕೆ ಬರೋಣ. ನಾವು ಒಟ್ಟಾಗಿ ಮನಿಲಾ ಎನ್ನುವುದು 16 ನಗರಗಳೂ ಪಟೆರೊಸ್ ಎಂಬ ಒಂದು ಪಟ್ಟಣವೂ ಸೇರಿದ ಮಹಾನಗರ ಪ್ರದೇಶ. ಮನಿಲಾ ನಗರ ಅದರಲ್ಲೊಂದು. ನಕ್ಷೆಯಲ್ಲಿ ಹತ್ತು ಕಿಲೋಮೀಟರ್ ಎಂದು ಕಾಣುವುದು ಸಂಜೆಯ ಎಡ್ಸಾ ರಸ್ತೆಯಲ್ಲಿ ಎರಡು ಗಂಟೆಯಾದರೂ ಆಶ್ಚರ್ಯವಿಲ್ಲ. ಸಂಬಳದ ದಿನಗಳಾದ 15 ಮತ್ತು 30ನೆಯ ತಾರೀಖು ಶುಕ್ರವಾರ ಬಂದರಂತೂ ಹೇಳುವುದೇ ಬೇಡ. ದೂರದ ಕ್ವೆಜಾನ್ ಸಿಟಿಯಲ್ಲಿ ಐನೂರು ಪೆಸೊ ಕಡಿಮೆಗೆ ಕೋಣೆ ಹಿಡಿದವರು ಆ ಹಣವನ್ನೂ ಅರ್ಧ ದಿನವನ್ನೂ ಟ್ಯಾಕ್ಸಿಯಲ್ಲಿ ಕಳೆಯುತ್ತಾರೆ. (ಒಂದು ಪೆಸೊ ಎಂದರೆ ಸುಮಾರು ಒಂದೂವರೆ ರೂಪಾಯಿ.) ಆದ್ದರಿಂದ ಮೊದಲು ರೈಲು ಮಾರ್ಗ ನೋಡಿ, ಆಮೇಲೆ ಹೋಟೆಲು ನೋಡಿ.

ಎಲ್‌ಆರ್‌ಟಿ-1 ಎಂಬ ಲಘು ರೈಲು ಮಾರ್ಗ 1984ರಲ್ಲಿ ಶುರುವಾದದ್ದು, ಆ ಬಗೆಯ ನಗರ ರೈಲುಗಳಲ್ಲಿ ಆಗ್ನೇಯ ಏಷ್ಯಾದಲ್ಲೇ ಮೊದಲನೆಯದು. ಅದು ಟ್ಯಾಫ್ಟ್ ಅವೆನ್ಯೂ ಉದ್ದಕ್ಕೂ ಸಾಗುತ್ತದೆ. ಪೆಡ್ರೊ ಗಿಲ್ ಅಥವಾ ಯುನೈಟೆಡ್ ನೇಷನ್ಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ, ಮನಿಲಾ ನಗರದ ಎರ್ಮಿಟಾ ಎಂಬ ಭಾಗದಲ್ಲಿ ಕೋಣೆ ಹಿಡಿಯುವುದು ನಿಮಗೆ ಅತ್ಯುತ್ತಮ. ರಿಜಾಲ್ ಉದ್ಯಾನ, ಉಚಿತ ಪ್ರವೇಶವಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಸ್ಪೇನಿನವರು ಕಟ್ಟಿದ ಕೋಟೆನಗರ ಇಂಟ್ರಾಮುರೋಸ್, ಅದರೊಳಗೆ ಯುನೆಸ್ಕೊ ಪಟ್ಟಿಯಲ್ಲಿರುವ ಸ್ಯಾನ್ ಅಗಸ್ಟಿನ್ ಚರ್ಚ್ ಎಲ್ಲವೂ ಒಂದೇ ಕಡೆ. ನೀವು ಮನಿಲಾದಲ್ಲಿ ನೋಡಬೇಕೆಂದಿರುವುದರ ಮುಕ್ಕಾಲು ಪಾಲು ಇದೇ ಇರಬೇಕು. ರೈಲು ನಿಲ್ದಾಣಗಳು ಎತ್ತರದಲ್ಲಿವೆ, ಮೆಟ್ಟಿಲು ಹತ್ತಬೇಕಾಗುತ್ತದೆ. ತಾಯಿಯವರಿಗೆ ಮಂಡಿನೋವಿದ್ದರೆ ಹತ್ತಿರದ ಓಡಾಟಕ್ಕೆ ಗ್ರ್ಯಾಬ್ (ನಮ್ಮ ಓಲಾ, ಊಬರ್‌ನಂತೆ ಮೊಬೈಲಿನಲ್ಲಿ ಕರೆಯುವ ಕಾರು) ಕರೆಸಿಕೊಳ್ಳಿ, ದರ ಮೊದಲೇ ಗೊತ್ತಾಗುತ್ತದೆ. ಪಕ್ಕದ ಮಲಾಟೆಯಲ್ಲೂ ಅಗ್ಗದ ಹೋಟೆಲು ಬಹಳ. ಆದರೆ ಮಾಬಿನಿ, ಡೆಲ್ ಪಿಲಾರ್ ಬೀದಿಗಳ ಬಾರುಗಳ ಗದ್ದಲ ತಡರಾತ್ರಿಯವರೆಗೂ ಇರುವುದರಿಂದ ರಸ್ತೆಯ ಕಡೆಯ ಕೋಣೆ ಬೇಡ. ಮಕಾಟಿಯ ಪೊಬ್ಲಾಸಿಯೊನ್ ಬ್ಯಾಕ್‌ಪ್ಯಾಕ್ ಯುವಕರ ನೆಚ್ಚಿನ ಜಾಗ, ರಾತ್ರಿಯೇ ಅದರ ಹಗಲು. ನಿಮಗದು ಹೊಂದುವುದಿಲ್ಲ. ವಿಮಾನ ನಿಲ್ದಾಣಕ್ಕೆ ಹತ್ತಿರ ಎಂದು ಬಕ್ಲಾರನ್ ಕಡೆ ಕೋಣೆ ನೋಡುವವರಿದ್ದಾರೆ. ಬುಧವಾರ ಅಲ್ಲಿನ ಚರ್ಚಿನ ವಿಶೇಷ ಪ್ರಾರ್ಥನೆಗೆ ಸಾವಿರಾರು ಜನ ಸೇರುತ್ತಾರೆ, ಆ ದಿನ ಲಗೇಜಿನೊಂದಿಗೆ ಅಲ್ಲಿಂದ ಹೊರಡುವುದು ಕಷ್ಟ.

ಎರ್ಮಿಟಾವನ್ನು ಹೇಳಲು ಊಟವೂ ಒಂದು ಕಾರಣ. ಅಗ್ಗದ ಹೋಟೆಲಿನ ಉಚಿತ ತಿಂಡಿ ಎಂದರೆ ಸಾಮಾನ್ಯವಾಗಿ ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಮೊಟ್ಟೆ, ಜೊತೆಗೆ ಮಾಂಸ ಅಥವಾ ಒಣಮೀನು. ತರಕಾರಿ ಪಲ್ಯ ಎಂದು ಬರುವುದರಲ್ಲಿ ಸೀಗಡಿಯ ಗೊಜ್ಜೋ ಮೀನಿನ ರಸವೋ ಬೆರೆತಿರುವುದು ಸಾಮಾನ್ಯ, ಅಡುಗೆಯವರಿಗೆ ಅದು ಉಪ್ಪಿನಷ್ಟೇ ಸಹಜ. ನಿಮ್ಮ ತಾಯಿ ಸಸ್ಯಾಹಾರಿಯಾಗಿದ್ದರೆ ‘ಮಾಂಸ ಬೇಡ’ ಎಂದರೆ ಸಾಲದು, ಮೀನು, ಸೀಗಡಿ ಎರಡನ್ನೂ ಹೆಸರಿಟ್ಟು ಬೇಡವೆನ್ನಿ. ಯುನೈಟೆಡ್ ನೇಷನ್ಸ್ ಅವೆನ್ಯೂ ಹಿಡಿದು ಪೂರ್ವಕ್ಕೆ ಪಾಕೊ ಕಡೆ ಹೋದರೆ ಗುರುದ್ವಾರ, ಹಿಂದೂ ದೇವಾಲಯ, ಭಾರತೀಯ ದಿನಸಿ ಅಂಗಡಿಗಳಿವೆ. ಬೇಳೆ, ಉಪ್ಪಿನಕಾಯಿ, ಹಿಟ್ಟು ಸಿಗುತ್ತದೆ. ಅಪಾರ್ಟೆಲ್ ಹಿಡಿದರೆ ಒಂದು ಹೊತ್ತಿನ ಅನ್ನ ಸಾರು ಕೋಣೆಯಲ್ಲೇ ಆಗುತ್ತದೆ.

ಕೋಣೆಯೊಳಗಿನ ಸಣ್ಣ ಸಂಗತಿಗಳು ಬೇಗ ಹೇಳಿಬಿಡುತ್ತೇನೆ. ವಿದ್ಯುತ್ 220 ವೋಲ್ಟ್, ಹೆಚ್ಚುಕಡಿಮೆ ನಮ್ಮಷ್ಟೇ, ಆದರೆ ಪ್ಲಗ್ ಅಮೆರಿಕದ ಮಾದರಿಯ ಎರಡು ಚಪ್ಪಟೆ ಕಡ್ಡಿಯದು; ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ನಲ್ಲಿಯ ನೀರು ಕುಡಿಯಬೇಡಿ. ಬೀದಿಬೀದಿಯಲ್ಲಿ ಶುದ್ಧೀಕರಿಸಿದ ನೀರು ತುಂಬಿಸುವ ಅಂಗಡಿಗಳಿವೆ, ಬಾಟಲಿ ಒಯ್ದರೆ ಕೆಲವೇ ಪೆಸೊ. ಶೌಚಾಲಯದಲ್ಲಿ ನೀರಿನ ಪಿಚಕಾರಿ ಅಥವಾ ‘ತಾಬೊ’ ಎಂಬ ಹಿಡಿಯಿರುವ ಮಗ್ ಇರುತ್ತದೆ, ಆ ವಿಷಯದಲ್ಲಿ ತಾಯಿಯವರು ಚಿಂತಿಸಬೇಕಾಗಿಲ್ಲ. ಕೀಲಿಗೆಂದು, ಟವೆಲಿಗೆಂದು ನಗದು ಠೇವಣಿ ಕೇಳುತ್ತಾರೆ. ರಸೀದಿ ಪಡೆಯಿರಿ, ಹೊರಡುವಾಗ ಕೋಣೆ ಪರಿಶೀಲಿಸಿ ಹಿಂದಿರುಗಿಸುತ್ತಾರೆ. ಟವೆಲಿನ ಮೇಲೆ ಕುಂಕುಮದ ಕಲೆಯಾದರೂ ದಂಡ ಹಾಕುವ ಹೋಟೆಲುಗಳಿವೆ. ಜಾಲತಾಣದಲ್ಲಿ ಕಂಡ ದರಕ್ಕೆ ಶೇ 12ರ ತೆರಿಗೆ ಸೇರಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ ದಿನಾಂಕ. ಜನವರಿ 9ರಂದು ಕಿಯಾಪೊದ ಕಪ್ಪು ಯೇಸುವಿನ ಮೆರವಣಿಗೆಗೆ ಲಕ್ಷಾಂತರ ಜನ ಸೇರುತ್ತಾರೆ, ರಿಜಾಲ್ ಉದ್ಯಾನದಿಂದ ಕಿಯಾಪೊದವರೆಗೆ ರಸ್ತೆಗಳು ಮುಚ್ಚುತ್ತವೆ. ಎರ್ಮಿಟಾದಲ್ಲಿದ್ದರೆ ಆ ದಿನ ಎಲ್ಲಿಗೂ ಹೊರಡಲಾಗದು. ಈಸ್ಟರ್‌ಗೆ ಮುಂಚಿನ ಗುರುವಾರ, ಶುಕ್ರವಾರ ನಗರ ಖಾಲಿಯಾಗುತ್ತದೆ, ಅಂಗಡಿ ಮಾಲ್‌ಗಳು ಬಾಗಿಲು ಹಾಕುತ್ತವೆ, ಊಟ ಸಿಗುವುದೇ ಪರದಾಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ; ಟ್ಯಾಫ್ಟ್ ಅವೆನ್ಯೂವಿನ ಕೆಲವು ಭಾಗಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದುಂಟು, ಚಂಡಮಾರುತ ಬಂದರೆ ವಿಮಾನಗಳು ರದ್ದಾಗುತ್ತವೆ. ಆ ತಿಂಗಳುಗಳಲ್ಲಿ ಹೋಗುವುದಾದರೆ ಹಣ ಹಿಂದಿರುಗದ ಅಗ್ಗದ ದರವನ್ನು ಬಿಟ್ಟು, ಇನ್ನೂರು ಪೆಸೊ ಹೆಚ್ಚಾದರೂ ಉಚಿತವಾಗಿ ರದ್ದುಮಾಡಬಹುದಾದ ಕೋಣೆಯನ್ನೇ ಕಾಯ್ದಿರಿಸಿ.